ಆಸ್ಪತ್ರೆಯ ಭಾನುವಾರ

ಸರಿರಾತ್ರಿಯಲ್ಲಿ ಹುಣಿಸೆಮರದ ಕೆಳಗೆ ಹಾದುಹೋದವನ ಕೆನ್ನೆಗೆ ಯಾವುದೋ ಅದೃಶ್ಯ ಹಸ್ತವು ಹೊಡೆಯಿತೆಂದೂ, ಅವನು ತಡವರಿಸುತ್ತ ಮನೆ ಸೇರಿ, ಹೆಂಡತಿಗೆ ಒಂದು ಮಾತನ್ನೂ ಸರಿಯಾಗಿ ಹೇಳಲಾರದೆ, ಬೆಳಕು ಹರಿಯುವಷ್ಟರಲ್ಲಿ ನೆತ್ತರು ಕಾರಿ ಸತ್ತನೆಂದೂ ಹೇಳುವ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಇರಲಿಲ್ಲ. ದೇವರ ಮುಂದೆ ಸುಳ್ಳು ಆಣೆ ಮಾಡಿದವನಿಗೆ ಜನರು ನಿರೀಕ್ಷಿಸುತ್ತಿದ್ದ ದಂಡನೆಯೂ ಅದೇ. ಬೇಲಿಯ ಜಗಳದಲ್ಲಿ ನಾಲಗೆಯ ತುದಿಗೆ ಬರುತ್ತಿದ್ದ ಶಾಪವೂ ಅದೇ. ಇಂದಿನ ವೈದ್ಯನು ಆ ಅದೃಶ್ಯ ಹಸ್ತಕ್ಕೆ ಮೂರುನಾಲ್ಕು ಹೆಸರುಗಳನ್ನು ಕೊಟ್ಟಾನು: ಜಠರದಲ್ಲಿಯೋ ಅದಕ್ಕೆ ಹೊಂದಿದ ಕರುಳಿನ ಮೊದಲ ಮಡಿಕೆಯಲ್ಲಿಯೋ ಎದ್ದ ಹುಣ್ಣು ಒಂದು ರಕ್ತನಾಳವನ್ನು ಕೊರೆದಿರಬಹುದು, ಕುಡಿತದಿಂದ ಯಕೃತ್ತು ಗಡುಸಾಗಿ, ಅನ್ನನಾಳದ ಬುಡದ ಸಿರೆಗಳು ಉಬ್ಬಿ ಒಡೆದಿರಬಹುದು, ಮಂಡಿನೋವಿಗೆಂದು ಬರಿಯ ಹೊಟ್ಟೆಯಲ್ಲಿ ನುಂಗಿದ ಗುಳಿಗೆಯು ಒಳಪೊರೆಯನ್ನು ಸುಲಿದಿರಬಹುದು. ಆದರೆ ಹಳ್ಳಿಯ ಕಥೆಗಾರನು ರೋಗದ ಕಾರಣದಲ್ಲಿ ಎಷ್ಟೇ ತಪ್ಪಿರಲಿ, ಅದರ ಒಂದು ಲಕ್ಷಣವನ್ನು ಮಾತ್ರ ಚೆನ್ನಾಗಿ ಗ್ರಹಿಸಿದ್ದನು. ಅದು ಬೆಳಕು ಹರಿಯುವಷ್ಟರಲ್ಲಿ ಮುಗಿದುಹೋಗುವ ವ್ಯವಹಾರ.

ಹೀಗಿರುವಲ್ಲಿ, ರಕ್ತ ಕಾರಿದವನನ್ನು ಯಾವ ಗಳಿಗೆಯಲ್ಲಿ ಮುಟ್ಟಬೇಕು, ಎಷ್ಟು ಹೊತ್ತು ಮುಟ್ಟದೆ ಕಾಯಬೇಕು, ಯಾವ ವೇಳೆಯಲ್ಲಿ ವೈದ್ಯನ ಬಾಗಿಲಿಗೆ ತಂದರೆ ಅವನು ಉಳಿದಾನು ಎಂಬ ಪ್ರಶ್ನೆಯು ವೈದ್ಯಶಾಸ್ತ್ರದಷ್ಟೇ ಹಳೆಯದಾದುದರಲ್ಲಿ ಆಶ್ಚರ್ಯವಿಲ್ಲ. ಆ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆಯನ್ನು ನೋಡಿದರೆ, ತ್ವರೆಯೂ ಸಾವಧಾನವೂ ಒಂದೇ ಮನೆಯ ಇಬ್ಬರು ಸೊಸೆಯರಂತೆ ಸರದಿಯ ಮೇಲೆ ಅಧಿಕಾರ ನಡೆಸಿರುವುದು ಕಾಣುತ್ತದೆ.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಕ್ತಪಿತ್ತಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಮೂಗಿನಿಂದ ಸುರಿಯುವ ರಕ್ತವೂ ಬಾಯಿಂದ ಕಾರುವ ರಕ್ತವೂ ಗುದದ್ವಾರದಿಂದ ಹೋಗುವ ರಕ್ತವೂ ಅಲ್ಲಿ ಒಂದೇ ಹೆಸರಿನ ಆಶ್ರಯದಲ್ಲಿರುವುದರಿಂದ, ಅದನ್ನು ನಮ್ಮ ಕಾಲದ ಯಾವುದೊಂದು ರೋಗದೊಡನೆಯೂ ಸಮೀಕರಿಸುವುದು ಸಾಹಸವೇ ಸರಿ. ಊರ್ಧ್ವಮಾರ್ಗದ್ದು ಸಾಧ್ಯ, ಅಧೋಮಾರ್ಗದ್ದು ಯಾಪ್ಯ (ಎಂದರೆ ಗುಣವಾಗದಿದ್ದರೂ ಹತೋಟಿಯಲ್ಲಿಡಬಹುದಾದದ್ದು), ಎರಡು ಮಾರ್ಗಗಳಲ್ಲಿಯೂ ಹರಿಯುವುದು ಅಸಾಧ್ಯ ಎಂದು ಆಚಾರ್ಯನು ವಿಂಗಡಿಸುತ್ತಾನೆ. ಆದರೆ ನನ್ನನ್ನು ಹೆಚ್ಚಾಗಿ ಆಕರ್ಷಿಸಿದ್ದು ಬೇರೆ ಎರಡು ಮಾತುಗಳು. ಈ ರೋಗವು ಮಹಾವೇಗವುಳ್ಳದ್ದು, ಬೆಂಕಿಯಂತೆ ಶೀಘ್ರವಾಗಿ ಕೆಲಸ ಮಾಡತಕ್ಕದ್ದು, ಆದುದರಿಂದ ವೈದ್ಯನು ಶೀಘ್ರವಾಗಿ ಉಪಚರಿಸಬೇಕು ಎಂಬುದು ಒಂದು. ರೋಗಿಯು ಬಲವಂತನಾಗಿದ್ದು ಮಾಂಸಕ್ಷಯವಿಲ್ಲದವನಾಗಿದ್ದರೆ, ಆರಂಭದಲ್ಲಿಯೇ ರಕ್ತವನ್ನು ಸ್ತಂಭಿಸಲು ಹೋಗಬಾರದು ಎಂಬುದು ಇನ್ನೊಂದು. ರೋಗಿಯ ಬಳಿಗೆ ಬೇಗ ಹೋಗು, ರೋಗದ ಮೇಲೆ ಕೈಯಿಡುವುದಕ್ಕೆ ಆತುರಪಡಬೇಡ ಎಂಬ ಈ ಜೋಡಿಮಾತನ್ನು ಆತನು ಬೇರೆಯದೇ ಸಿದ್ಧಾಂತದ ಬಲದಿಂದ, ದುಷ್ಟರಕ್ತವು ಒಳಗೆ ಉಳಿದೀತೆಂಬ ಭಯದಿಂದ, ಆಡಿದನೆಂಬುದು ನಿಜ. ಆದರೂ ಆ ಚಿಕಿತ್ಸೆಯ ಆಡುಸೋಗೆಯ ಕಷಾಯವು ಹಿನ್ನೆಲೆಗೆ ಸರಿದ ಮೇಲೆಯೂ ಆ ಮಾತುಗಳು ಮತ್ತೆ ಮತ್ತೆ ಬೇರೆ ಬೇರೆ ವೇಷಗಳಲ್ಲಿ ತಿರುಗಿ ಬಂದಿವೆ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಸಾವಧಾನವು ಒಂದು ವ್ರತದ ಸ್ವರೂಪವನ್ನು ತಾಳಿತು. ಫ್ರಾನ್ಸಿನ ಕ್ರುವೆಯ್ಲ್ಯೇ 1829ರಿಂದ ಮೊದಲ್ಗೊಂಡು ಪ್ರಕಟಿಸಿದ ತನ್ನ ಚಿತ್ರಸಂಪುಟಗಳಲ್ಲಿ ಜಠರದ ಹುಣ್ಣನ್ನು ಶವಪರೀಕ್ಷೆಯ ಮೇಜಿನಿಂದಲೇ ಕಂಡಂತೆ ಚಿತ್ರಿಸಿ ತೋರಿಸಿದ ಮೇಲೆ, ರಕ್ತವು ಎಲ್ಲಿಂದ ಬರುತ್ತದೆಂಬುದೇನೋ ವೈದ್ಯರಿಗೆ ತಿಳಿಯಿತು. ಆದರೆ ಬದುಕಿರುವವನ ಹೊಟ್ಟೆಯೊಳಕ್ಕೆ ಕೈಯೂ ಕಣ್ಣೂ ಹೋಗುವಂತಿರಲಿಲ್ಲ. ಹೋಗಲಾರದೆಡೆ ಉಳಿಯುವ ಮಾರ್ಗವೆಂದರೆ ನಿಶ್ಚಲತೆ. ರೋಗಿಯನ್ನು ಕತ್ತಲೆಯ ಕೋಣೆಯಲ್ಲಿ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಮಂಜುಗಡ್ಡೆಯ ಚೀಲವನ್ನಿಟ್ಟು, ಅಫೀಮಿನ ಸತ್ತ್ವವನ್ನು ಚುಚ್ಚಿ, ಬಾಯಿಯ ಮೂಲಕ ದಿನಗಟ್ಟಲೆ ಏನನ್ನೂ ಕೊಡದೆ, ಗುದದ್ವಾರದಿಂದ ಪೌಷ್ಟಿಕ ದ್ರವವನ್ನು ಏರಿಸುತ್ತ, ಹುಣ್ಣಿನ ಬಾಯಿಗೆ ಕಟ್ಟಿಕೊಂಡಿರುವ ಹೆಪ್ಪು ಅಲುಗದಿರಲೆಂದು ಪ್ರಾರ್ಥಿಸುವುದೇ ಚಿಕಿತ್ಸೆ. ಜರ್ಮನಿಯ ಲಾಯ್ಬೆ ಈ ಉಪವಾಸಕ್ಕೆ ಶಾಸ್ತ್ರದ ಮುದ್ರೆಯನ್ನೊತ್ತಿದನು. ಹಸಿವಿನಿಂದಲೂ ನೀರಡಿಕೆಯಿಂದಲೂ ಬಳಲಿದವನು ಒಂದು ವಾರದ ತರುವಾಯ ಸತ್ತರೆ ಅದನ್ನು ಹುಣ್ಣಿನ ಲೆಕ್ಕಕ್ಕೆ ಬರೆಯುತ್ತಿದ್ದರು. ಹ್ಯಾಂಬರ್ಗಿನ ಲೆನ್‌ಹಾರ್ಟ್ಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೊದಲನೆಯ ದಿನದಿಂದಲೇ ಹಾಲು ಮೊಟ್ಟೆಗಳನ್ನು ಕೊಡಬಹುದೆಂದು ವಾದಿಸಿದನಾದರೂ ಅವನ ಮಾತಿಗೆ ಕಿವಿಗೊಟ್ಟವರು ಕಡಿಮೆ.

ಈ ಕಠಿಣವ್ರತವನ್ನು ಮುರಿದವನು ಕೋಪನ್‌ಹೇಗನ್ನಿನ ಮ್ಯೂಲೆನ್‌ಗ್ರಾಕ್ಟ್. 1930ರ ದಶಕದ ಮೊದಲ ಭಾಗದಲ್ಲಿ ಆತನು ತನ್ನ ವಾರ್ಡಿಗೆ ಬಂದ ರಕ್ತವಮನದ ರೋಗಿಗಳಿಗೆ ಬಂದ ದಿನವೇ ನುಣ್ಣಗೆ ಅರೆದ ತರಕಾರಿ, ಮಾಂಸ, ಗಂಜಿ, ರೊಟ್ಟಿ, ಚಹ ಇವುಗಳನ್ನು ಹೊಟ್ಟೆತುಂಬ ಬಡಿಸಲು ಹೇಳಿದನು. ಸಹೋದ್ಯೋಗಿಗಳು ಬೆಚ್ಚಿದರು. ಆದರೆ 1935ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆತನು ಕೊಟ್ಟ ಲೆಕ್ಕದಲ್ಲಿ ಸತ್ತವರ ಪ್ರಮಾಣವು ನೂರಕ್ಕೆ ಒಂದೆರಡರ ಆಸುಪಾಸಿಗೆ ಇಳಿದಿದ್ದಿತು. ಅವನ ರೋಗಿಗಳೆಲ್ಲರೂ ಇತರರ ರೋಗಿಗಳಷ್ಟೇ ಬಳಲಿದ್ದರೇ ಎಂದು ಸಂದೇಹಿಸುವವರು ಆಗಲೂ ಇದ್ದರು, ಸಂದೇಹವು ನ್ಯಾಯವೂ ಆಗಿದ್ದಿತು. ಅದೇನೇ ಇರಲಿ, ಗಂಜಿಗಿಂತ ದೊಡ್ಡ ಔಷಧವು ಕೆಲವು ವೇಳೆ ಇರುವುದಿಲ್ಲವೆಂಬ ನಮ್ಮ ಅಜ್ಜಿಯರ ಮತಕ್ಕೆ ಒಬ್ಬ ಡೇನಿಷ್ ಪ್ರಾಧ್ಯಾಪಕನ ಬೆಂಬಲ ದೊರೆತದ್ದು ನನಗಂತೂ ಸಂತೋಷದ ಸಂಗತಿ.

ಅದೇ 1935ರಲ್ಲಿ, ಅದೇ ಪತ್ರಿಕೆಯಲ್ಲಿ, ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮ್ಯಾರಿಯಟ್ ಮತ್ತು ಕೆಕ್ವಿಕ್ ಎಂಬಿಬ್ಬರು ರಕ್ತವನ್ನು ತೊಟ್ಟುತೊಟ್ಟಾಗಿ ಗಂಟೆಗಟ್ಟಲೆ ಏರಿಸುವ ಕ್ರಮವನ್ನು ಪ್ರಕಟಿಸಿದರು. ಲ್ಯಾಂಡ್‌ಸ್ಟೈನರನು ಶತಮಾನದ ಆರಂಭದಲ್ಲಿಯೇ ರಕ್ತದ ಗುಂಪುಗಳನ್ನು ಗುರುತಿಸಿದ್ದರೂ, ರಕ್ತ ಕಾರುವವನಿಗೆ ರಕ್ತವನ್ನು ಕೊಡುವುದಕ್ಕೆ ವೈದ್ಯರು ಅಂಜುತ್ತಿದ್ದರು. ಕೊಟ್ಟರೆ ಒತ್ತಡವು ಏರಿ ಹೆಪ್ಪು ಹಾರಿಹೋದೀತೆಂಬುದೇ ಆ ಅಂಜಿಕೆ. ನಿಧಾನವಾಗಿ ಇಳಿಯುವ ತೊಟ್ಟು ಅದನ್ನು ಬಹುಮಟ್ಟಿಗೆ ಹೋಗಲಾಡಿಸಿತು. ಆದರೆ ರಕ್ತವು ಸೀಸೆಯಲ್ಲಿ ಸಿದ್ಧವಾಗಿ ಕುಳಿತಿರುವ ಕಾಲ ಇನ್ನೂ ಬಂದಿರಲಿಲ್ಲ. ಲಂಡನ್ನಿನಲ್ಲಿ 1921ರಿಂದ ಪರ್ಸಿ ಲೇನ್ ಆಲಿವರ್ ಎಂಬ ಸಜ್ಜನನು ಸ್ವಯಂಸೇವಕರ ಪಟ್ಟಿಯೊಂದನ್ನಿಟ್ಟುಕೊಂಡು, ಆಸ್ಪತ್ರೆಯಿಂದ ಟೆಲಿಫೋನು ಬಂದೊಡನೆ, ಹಗಲೆನ್ನದೆ ಇರುಳೆನ್ನದೆ, ಒಬ್ಬ ದಾನಿಯನ್ನು ಎಬ್ಬಿಸಿ ಕಳುಹಿಸುತ್ತಿದ್ದನು. ರೋಗಿಯ ಆಯುಸ್ಸು ವೈದ್ಯನ ಕುಶಲತೆಯಷ್ಟೇ ಒಂದು ಮನೆಯ ಟೆಲಿಫೋನಿನ ಗಂಟೆಯನ್ನೂ ಅವಲಂಬಿಸಿದ್ದಿತು. ಷಿಕಾಗೋ ನಗರದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಫ್ಯಾಂಟಸ್ 1937ರಲ್ಲಿ ರಕ್ತವನ್ನು ಶೇಖರಿಸಿಡುವ ಏರ್ಪಾಡನ್ನು ಮಾಡಿ ಅದಕ್ಕೆ ಬ್ಯಾಂಕೆಂದು ಹೆಸರಿಟ್ಟ ಮೇಲೆ, ನಡುರಾತ್ರಿಗೂ ನಡುಹಗಲಿಗೂ ಇದ್ದ ಅಂತರವು ಮೊದಲ ಬಾರಿಗೆ ತುಸು ಕುಗ್ಗಿತೆನ್ನಬಹುದು.

ಇನ್ನು ಕಣ್ಣಿನ ಮಾತು. 1868ರಲ್ಲಿ ಕುಸ್‌ಮೌಲ್ ಎಂಬ ಜರ್ಮನ್ ವೈದ್ಯನು ಕತ್ತಿ ನುಂಗುವ ದೊಂಬನೊಬ್ಬನ ಗಂಟಲಿನಲ್ಲಿ ನೆಟ್ಟಗಿನ ಕೊಳವೆಯನ್ನಿಳಿಸಿ ಜಠರವನ್ನು ಇಣುಕಲು ಯತ್ನಿಸಿದ ಕಥೆ ಪ್ರಸಿದ್ಧವಾದುದು. ಆದರೆ ರೋಗಿಗಳೆಲ್ಲರೂ ಕತ್ತಿ ನುಂಗುವವರಲ್ಲವಷ್ಟೆ. ಬೆಳಕನ್ನು ಬಾಗಿಸಿ ಒಯ್ಯುವ ಗಾಜಿನ ಎಳೆಗಳು ದೊರೆಯುವವರೆಗೆ ಆ ಪ್ರಯತ್ನವು ಅರ್ಧದಾರಿಯಲ್ಲಿಯೇ ನಿಂತಿದ್ದಿತು. 1954ರ ಜನವರಿಯಲ್ಲಿ ಲಂಡನ್ನಿನ ಹಾಪ್‌ಕಿನ್ಸ್ ಎಂಬ ಅಧ್ಯಾಪಕನೂ, ಪಂಜಾಬಿನ ಮೋಗಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ನರಿಂದರ್ ಸಿಂಗ್ ಕಪಾನಿಯೂ ಇಂಥ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸುವ ವಿಚಾರವನ್ನು ನೇಚರ್ ಪತ್ರಿಕೆಯಲ್ಲಿ ಬರೆದರು. ಅದನ್ನೋದಿದ ಹಿರ್ಷೋವಿಟ್ಸ್ ಎಂಬ ದಕ್ಷಿಣ ಆಫ್ರಿಕದ ವೈದ್ಯನು, ಮಿಚಿಗನ್ನಿನಿಂದ ಲಂಡನ್ನಿಗೆ ಹೋಗಿ ಅವರನ್ನು ಕಂಡು, ಹಿಂದಿರುಗಿ ತನ್ನ ಸಂಗಡಿಗರೊಡನೆ ಶ್ರಮಿಸಿ, 1957ರ ಫೆಬ್ರವರಿಯಲ್ಲಿ ತಾನು ನಿರ್ಮಿಸಿದ ಬಳುಕುವ ಕೊಳವೆಯನ್ನು ಮೊದಲು ತಾನೇ ನುಂಗಿದನು. ಕೆಲವು ದಿನಗಳಾದ ಮೇಲೆ ಒಬ್ಬ ರೋಗಿಯ ಕರುಳಿನ ಹುಣ್ಣನ್ನು ಅದರಿಂದ ಕಂಡನು. ಅಮೆರಿಕದ ಸೈನ್ಯದ ವೈದ್ಯನಾಗಿದ್ದ ಪಾಮರ್, ಇಂಥ ಮೃದುವಾದ ಸಾಧನವಿಲ್ಲದ ದಿನಗಳಿಂದಲೇ, ರಕ್ತ ಕಾರುತ್ತ ಬಂದವನ ಜಠರವನ್ನು ತಣ್ಣೀರಿನಿಂದ ತೊಳೆದು ತತ್‌ಕ್ಷಣವೇ ಒಳಗೆ ನೋಡತಕ್ಕದ್ದೆಂಬ ಪಂಥವನ್ನು ಬೋಧಿಸುತ್ತಿದ್ದನು. ಇಪ್ಪತ್ತಮೂರು ವರ್ಷಗಳಲ್ಲಿ ತಾನು ಕಂಡ 1,400 ರೋಗಿಗಳ ವೃತ್ತಾಂತವನ್ನು ಆತನು 1969ರಲ್ಲಿ ಪ್ರಕಟಿಸಿದನು. 1974ರಲ್ಲಿ ಎಡಿನ್‌ಬರೋದ ಫಾರೆಸ್ಟ್ ಮತ್ತು ಸಂಗಡಿಗರು ಹುಣ್ಣಿನ ಬಾಯಲ್ಲಿ ಚಿಮ್ಮುತ್ತಿರುವ ರಕ್ತ, ಜಿನುಗುತ್ತಿರುವ ರಕ್ತ, ಬರಿದಾಗಿ ಕಾಣುವ ನಾಳ, ಮೇಲೆ ಕಟ್ಟಿದ ಹೆಪ್ಪು ಎಂದು ಕಂಡದ್ದನ್ನೆಲ್ಲ ವರ್ಗೀಕರಿಸಿದರು. ತ್ವರೆಯ ಸೊಸೆಗೆ ಬೀಗದ ಕೈ ಬಂದಿತು.

ಅಷ್ಟರಲ್ಲಿ ಒಂದು ವಿನೋದ ನಡೆಯಿತು. 1981ರಲ್ಲಿ ಟೆಕ್ಸಾಸಿನ ಪೀಟರ್ಸನ್ ಮತ್ತು ಸಂಗಡಿಗರು, ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಕೂಡಲೇ ಕೊಳವೆಯನ್ನಿಳಿಸಿ, ಇನ್ನೊಂದು ಪಾಲಿನವರನ್ನು ಹಾಗೆಯೇ ಬಿಟ್ಟು ನೋಡಿದಾಗ, ಬದುಕಿದವರ ಸಂಖ್ಯೆಯಲ್ಲಿ ಗಣನೀಯವಾದ ಭೇದವೇ ಕಾಣಲಿಲ್ಲ. ಇದಕ್ಕೆ ಕಾರಣವು ಗೂಢವಾದುದೇನಲ್ಲ. ಹತ್ತರಲ್ಲಿ ಎಂಟು ಹುಣ್ಣುಗಳ ರಕ್ತಸ್ರಾವವು ಯಾರ ಅಪ್ಪಣೆಯನ್ನೂ ಕಾಯದೆ ತಾನಾಗಿಯೇ ನಿಲ್ಲುತ್ತದೆ. ಉಳಿದ ಎರಡರ ವಿಷಯದಲ್ಲಿ ಅಂದಿನ ಕೊಳವೆಯು ನೋಡಬಲ್ಲುದಾಗಿದ್ದಿತೇ ಹೊರತು ಮಾಡಬಲ್ಲುದಾಗಿರಲಿಲ್ಲ. ಅದರ ತುದಿಯಿಂದ ಅಡ್ರಿನಲೀನನ್ನು ಚುಚ್ಚುವ, ನಾಳವನ್ನು ಸುಡುವ, ಕ್ಲಿಪ್ಪು ಹಾಕುವ, ಉಬ್ಬಿದ ಸಿರೆಗೆ ರಬ್ಬರಿನ ಉಂಗುರ ತೊಡಿಸುವ ಕೈಚಳಕಗಳು ಬಳಕೆಗೆ ಬಂದ ಮೇಲೆಯೇ ನೋಟವು ಚಿಕಿತ್ಸೆಯಾಯಿತು. ಮತ್ತು ಅಂದಿನಿಂದಲೇ ಆಸ್ಪತ್ರೆಯ ಗಡಿಯಾರದ ಪ್ರಶ್ನೆಯು ತೀಕ್ಷ್ಣವಾಯಿತು. ಏಕೆಂದರೆ ಕತ್ತಲೆಯ ಕೋಣೆಯ ಉಪವಾಸವನ್ನು ಶುಕ್ರವಾರ ರಾತ್ರಿಯೂ ಮಾಡಿಸಬಹುದು, ಸೋಮವಾರ ಬೆಳಿಗ್ಗೆಯೂ ಮಾಡಿಸಬಹುದು. ಆದರೆ ಕೊಳವೆಯನ್ನಿಳಿಸಬಲ್ಲ ಕೈಯು ವಾರಾಂತ್ಯದಲ್ಲಿ ಮನೆಯಲ್ಲಿರುತ್ತದೆ.

ಕೆನಡದ ಬೆಲ್ ಮತ್ತು ರೆಡೆಲ್‌ಮೈಯರ್ ಎಂಬವರು ಆಂಟೇರಿಯೋ ಪ್ರಾಂತದ ಸುಮಾರು 38 ಲಕ್ಷ ತುರ್ತು ದಾಖಲೆಗಳನ್ನು ಜಾಲಾಡಿ, ಕೆಲವು ಕಾಯಿಲೆಗಳಲ್ಲಿ ಶನಿವಾರ ಭಾನುವಾರ ಬಂದವರು ಇತರರಿಗಿಂತ ಹೆಚ್ಚಾಗಿ ಸಾಯುತ್ತಾರೆಂದು 2001ರಲ್ಲಿ ತೋರಿಸಿದರು. ಅದರಿಂದ ಪ್ರೇರಿತರಾದವರು ರಕ್ತವಮನದ ಕಡೆಗೂ ತಿರುಗಿದರು. ಅಮೆರಿಕದಲ್ಲಿ 1993ರಿಂದ 2005ರವರೆಗೆ ಹುಣ್ಣಿನ ರಕ್ತಸ್ರಾವಕ್ಕಾಗಿ ಸೇರಿದ ಎರಡು ಲಕ್ಷ ಮೂವತ್ತೇಳು ಸಾವಿರ ಮಂದಿಯ ಲೆಕ್ಕದಲ್ಲಿ, ವಾರದ ದಿನಗಳಲ್ಲಿ ಬಂದವರಲ್ಲಿ ನೂರಕ್ಕೆ 3.0, ವಾರಾಂತ್ಯದಲ್ಲಿ ಬಂದವರಲ್ಲಿ 3.4 ಮಂದಿ ಸತ್ತಿದ್ದರು. ಅಂತರವು ಚಿಕ್ಕದು, ಅಲ್ಲದೆ ಕೊಳವೆಯ ಪರೀಕ್ಷೆ ತಡವಾದುದೊಂದರಿಂದಲೇ ಅದನ್ನು ವಿವರಿಸುವಂತೆಯೂ ಇರಲಿಲ್ಲ. ವೇಲ್ಸಿನಲ್ಲಿ 1999ರಿಂದ 2007ರವರೆಗಿನ ದಾಖಲೆಗಳನ್ನು ಜೋಡಿಸಿ ನೋಡಿದವರಿಗೆ ಸಾವಿನ ಸಂಭವವು ವಾರಾಂತ್ಯದಲ್ಲಿ ನೂರಕ್ಕೆ 13ರಷ್ಟೂ, ಸಾರ್ವಜನಿಕ ರಜೆಯ ದಿನಗಳಲ್ಲಿ 41ರಷ್ಟೂ ಅಧಿಕವಾಗಿ ಕಂಡಿತು.

ಈ ಅಂಕಿಗಳನ್ನು ಓದುವಾಗ ನನಗೆ ನಮ್ಮ ಮನೆಯ ಗೋಡೆಗೆ ತೂಗುಹಾಕಿದ್ದ ಪಂಚಾಂಗವು ನೆನಪಿಗೆ ಬರುತ್ತದೆ. ಅಮಾವಾಸ್ಯೆಯ ದಿನ ಆಸ್ಪತ್ರೆಗೆ ಸೇರಬಾರದು, ಮಂಗಳವಾರ ಹೊಸ ಔಷಧವನ್ನು ಮೊದಲುಮಾಡಬಾರದು, ರಾಹುಕಾಲದಲ್ಲಿ ಹೊಸ್ತಿಲು ದಾಟಬಾರದು ಎಂದು ನಮ್ಮ ಹಿರಿಯರು ಹೇಳಿದಾಗ ನಕ್ಕ ನಾವು, ಕಂಪ್ಯೂಟರಿನ ಬಲದಿಂದ ಇನ್ನೊಂದು ಪಂಚಾಂಗವನ್ನು ರಚಿಸಿಕೊಂಡು, ಅದರಲ್ಲಿ ಶನಿವಾರ ಭಾನುವಾರಗಳನ್ನೂ ಕ್ರಿಸ್‌ಮಸ್ಸನ್ನೂ ದುರ್ಮುಹೂರ್ತಗಳೆಂದು ಗುರುತು ಹಾಕಿದ್ದೇವೆ! ಭೇದವಿಷ್ಟೇ: ಹಳೆಯ ಪಂಚಾಂಗದ ದೋಷವು ಗ್ರಹಗಳದು, ಹೊಸದರ ದೋಷವು ಹಾಜರಿ ಪುಸ್ತಕದ್ದು. ಅದು ತಿದ್ದಬಹುದಾದ ದೋಷ.

ಆದರೆ ಆಸ್ಪತ್ರೆಯ ರಜೆಯನ್ನು ಪೂರಾ ಬೈಯುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ವಾರೆನ್ ಮತ್ತು ಮಾರ್ಷಲ್ ಎಂಬಿಬ್ಬರು ಜಠರದಿಂದ ತೆಗೆದ ಚೂರುಗಳಲ್ಲಿನ ಸುರುಳಿಯಾಕಾರದ ಸೂಕ್ಷ್ಮಜೀವಿಯನ್ನು ಬೆಳೆಸಲು ಮತ್ತೆ ಮತ್ತೆ ಯತ್ನಿಸಿ ಸೋತಿದ್ದರು. ಎರಡು ದಿನಗಳಲ್ಲಿ ಏನೂ ಬೆಳೆಯದಿದ್ದರೆ ತಟ್ಟೆಗಳನ್ನು ಬಿಸುಡುವುದು ಪ್ರಯೋಗಶಾಲೆಯ ಪದ್ಧತಿ. 1982ರ ಈಸ್ಟರ್ ಹಬ್ಬದ ಉದ್ದನೆಯ ರಜೆಯಲ್ಲಿ ತಟ್ಟೆಗಳನ್ನು ನೋಡುವವರಿಲ್ಲದೆ ಅವು ಹಾಗೆಯೇ ಉಳಿದವು. ರಜೆ ಮುಗಿಸಿ ಬಂದವರಿಗೆ ಅವುಗಳ ಮೇಲೆ ಆ ಜೀವಿಯ ಬೆಳೆ ಕಾಣಿಸಿತು. ಹುಣ್ಣುಗಳಲ್ಲಿ ಬಹುಪಾಲಿಗೆ ಚಿಂತೆಯೂ ಖಾರವೂ ಕಾರಣವಲ್ಲ, ಈ ಜೀವಿ ಕಾರಣವೆಂಬ ಸಿದ್ಧಾಂತವು ಅಲ್ಲಿಂದ ಬೇರೂರಿ, 2005ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಎರಡು ವಾರಗಳ ಗುಳಿಗೆಗಳಿಂದ ಹುಣ್ಣನ್ನೇ ನಿರ್ಮೂಲ ಮಾಡುವ ಈ ವಿದ್ಯೆಯಿಂದ ಉಳಿದ ಪ್ರಾಣಗಳನ್ನು ಎಣಿಸಿದರೆ, ಆ ಒಂದು ರಜೆಯು ಅನೇಕ ಭಾನುವಾರಗಳ ಸಾಲವನ್ನು ತೀರಿಸಿರಬೇಕು.

ಬ್ರಿಟನ್ನಿನಲ್ಲಿ 2007ರಲ್ಲಿ ನಡೆದ ದೊಡ್ಡ ಸಮೀಕ್ಷೆಯು ಈ ವಿಚಾರವನ್ನು ಇನ್ನಷ್ಟು ತೊಡಕಾಗಿಸಿತು. 6,700ಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಪರಿಶೀಲಿಸಿದಾಗ, ವಾರಾಂತ್ಯದಲ್ಲಿ ಬಂದವರು ಹೆಚ್ಚು ಬಳಲಿ ಬಂದಿದ್ದರೆಂದೂ, ಕೊಳವೆಯ ಪರೀಕ್ಷೆಗಾಗಿ ಹೆಚ್ಚು ಹೊತ್ತು ಕಾದಿದ್ದರೆಂದೂ, ಅಷ್ಟಾದರೂ ಅವರಲ್ಲಿ ಹೆಚ್ಚು ಮಂದಿ ಸತ್ತಿರಲಿಲ್ಲವೆಂದೂ ತಿಳಿಯಿತು. ಆ ಕಾಲಕ್ಕೆ ಅಲ್ಲಿಯ ಆಸ್ಪತ್ರೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಮಾತ್ರವೇ ರಾತ್ರಿ ಮತ್ತು ರಜೆಯಲ್ಲಿ ಕೊಳವೆಯ ವೈದ್ಯನನ್ನು ಕರೆಸುವ ನಿಯತವಾದ ಸರದಿಯಿದ್ದಿತು. ಜನರು ಶನಿವಾರ ಭಾನುವಾರ ಸಣ್ಣಪುಟ್ಟ ಬಾಧೆಗೆ ಆಸ್ಪತ್ರೆಗೆ ಹೋಗುವುದಿಲ್ಲ. ‘ಸೋಮವಾರ ನೋಡೋಣ’ ಎನ್ನುತ್ತಾರೆ. ಹೀಗೆ ಜರಡಿಯಾಡಿ ಉಳಿದವರು ಕಾಯಲಾರದವರೇ. ಭಾನುವಾರದ ಅಪಕೀರ್ತಿಯಲ್ಲಿ ಒಂದು ಭಾಗವು ಭಾನುವಾರದ್ದಲ್ಲ, ಭಾನುವಾರ ಬರುವವರದು.

ಇದಕ್ಕಿಂತ ಕಣ್ಣು ತೆರೆಸುವ ಅಂಕಿಯೊಂದಿದೆ. ಇಂಗ್ಲೆಂಡಿನಲ್ಲಿ 1993ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ ರಾಕಾಲ್ ಮತ್ತು ಸಂಗಡಿಗರಿಗೆ, ರಕ್ತಸ್ರಾವಕ್ಕಾಗಿ ಹೊರಗಿನಿಂದ ಬಂದವರಲ್ಲಿ ನೂರಕ್ಕೆ 11 ಮಂದಿ ಸತ್ತರೆ, ಬೇರೆ ಕಾಯಿಲೆಗಾಗಿ ಆಸ್ಪತ್ರೆಯಲ್ಲಿಯೇ ಮಲಗಿದ್ದಾಗ ರಕ್ತಸ್ರಾವವಾದವರಲ್ಲಿ ನೂರಕ್ಕೆ 33 ಮಂದಿ ಸತ್ತರೆಂದು ತಿಳಿದುಬಂದಿತು. ಇವರು ಬಸ್ಸು ಹಿಡಿಯಬೇಕಾಗಿರಲಿಲ್ಲ, ಚೀಟಿ ಬರೆಸಬೇಕಾಗಿರಲಿಲ್ಲ, ವೈದ್ಯನಿಂದ ಕೂಗಳತೆಯಲ್ಲಿ ಇದ್ದವರು. ಗಡಿಯಾರವೇ ಸರ್ವಸ್ವವಾಗಿದ್ದ ಪಕ್ಷದಲ್ಲಿ ಇವರು ಎಲ್ಲರಿಗಿಂತ ಹೆಚ್ಚಾಗಿ ಬದುಕಬೇಕಾಗಿದ್ದಿತು. ಅವರನ್ನು ಕೊಂದದ್ದು ರಕ್ತವು ಹೋದದ್ದಕ್ಕಿಂತಲೂ, ರಕ್ತ ಹೋದುದನ್ನು ತಾಳಲಾರದ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು.

ಕೊನೆಗೆ ಹಾಂಗ್‌ಕಾಂಗಿನ ಲಾವ್ ಮತ್ತು ಸಂಗಡಿಗರು, ಸಾಯುವ ಸಂಭವವು ಅಧಿಕವೆಂದು ಲೆಕ್ಕಹಾಕಿದ 516 ರೋಗಿಗಳನ್ನೇ ಆರಿಸಿಕೊಂಡು, ತಜ್ಞನಿಗೆ ಸುದ್ದಿ ಹೋದ 6 ಗಂಟೆಗಳೊಳಗೆ ಒಂದು ಪಾಲಿನವರಿಗೂ, 6ರಿಂದ 24 ಗಂಟೆಗಳ ನಡುವೆ ಇನ್ನೊಂದು ಪಾಲಿನವರಿಗೂ ಕೊಳವೆಯನ್ನಿಳಿಸಿ ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ತಿಂಗಳೊಳಗೆ ಸತ್ತವರು ತ್ವರೆಯ ಪಾಲಿನಲ್ಲಿ ನೂರಕ್ಕೆ 8.9, ಸಾವಧಾನದ ಪಾಲಿನಲ್ಲಿ 6.6. ಈ ಅಂತರವು ಕಾಕತಾಳೀಯವೂ ಆಗಿರಬಹುದು. ತ್ವರೆಯಿಂದ ಲಾಭವಿಲ್ಲವೆಂಬುದಷ್ಟೇ ಅದರಿಂದ ಹೇಳಬಹುದಾದದ್ದು. ಆದರೆ ಒತ್ತಡವು ಕುಸಿದು ಆರಂಭದ ಉಪಚಾರದಿಂದಲೂ ಚೇತರಿಸದವರು ಆ ಪರೀಕ್ಷೆಯಲ್ಲಿ ಸೇರಿರಲಿಲ್ಲವೆಂಬುದನ್ನು ಮರೆಯಬಾರದು. ಮ್ಯೂಲೆನ್‌ಗ್ರಾಕ್ಟನ ಡೆನ್ಮಾರ್ಕಿನಲ್ಲಿಯೇ 2017ರಲ್ಲಿ ಪ್ರಕಟವಾದ, ಹನ್ನೆರಡು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನವೂ, ರಕ್ತದೊತ್ತಡ ಕುಸಿದವರಲ್ಲಿ ಮೊದಲ ಆರು ಗಂಟೆಗಳನ್ನು ಅವರನ್ನು ಚೇತರಿಸುವುದಕ್ಕೆ ಉಪಯೋಗಿಸಿ, ತರುವಾಯ ಅದೇ ದಿನದೊಳಗೆ ಕೊಳವೆಯನ್ನಿಳಿಸಿದಲ್ಲಿ ಕಡಿಮೆ ಮಂದಿ ಸತ್ತುದನ್ನು ತೋರಿಸಿದೆ. ರಕ್ತವನ್ನು ಕೊಡುವುದರಲ್ಲಿಯೂ ಧಾರಾಳತನವು ಸೋತಿದೆ: ಬಾರ್ಸಿಲೋನಾದ ವಿಯಾನ್ಯೂವಾ 2013ರಲ್ಲಿ ತೋರಿಸಿದಂತೆ, ಹಿಮೋಗ್ಲೋಬಿನ್ 7ಕ್ಕೆ ಇಳಿಯುವವರೆಗೆ ಕಾದು ಕೊಟ್ಟವರು, 9ಕ್ಕೆ ಇಳಿದೊಡನೆ ಕೊಟ್ಟವರಿಗಿಂತ ಹೆಚ್ಚು ಜನರನ್ನು ಉಳಿಸಿಕೊಂಡರು.

ನಮ್ಮ ಕಡೆ ಈ ಚರಿತ್ರೆಗೆ ಬೇರೆಯೇ ಒಂದು ಬಣ್ಣವಿದೆ. ಮೈಸೂರಿನಲ್ಲಿ 1906ರಲ್ಲಿ ಆರಂಭವಾಗಿ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆಯೆಂದೇ ಉಳಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1950 ಮತ್ತು 60ರ ದಶಕಗಳಲ್ಲಿ ಶಸ್ತ್ರವೈದ್ಯನಾಗಿದ್ದ ಫ್ರಾಂಕ್ ಟೋವಿ ಕರುಳಿನ ಹುಣ್ಣಿನ ರೋಗಿಗಳನ್ನು ದಿನವಹಿ ಕಂಡು, ದಕ್ಷಿಣದ ಅನ್ನ ಉಣ್ಣುವ ಸೀಮೆಗಳಲ್ಲಿ ಅದು ಏಕಿಷ್ಟು ಹೆಚ್ಚು, ಪಂಜಾಬಿನ ಗೋಧಿಯ ಸೀಮೆಯಲ್ಲಿ ಏಕಿಷ್ಟು ಕಡಿಮೆ ಎಂಬ ವಿಚಾರವನ್ನು ಬೆನ್ನುಹತ್ತಿ, 1979ರಲ್ಲಿ ಭಾರತ ಮತ್ತು ಬಾಂಗ್ಲಾದೇಶಗಳ ಹುಣ್ಣಿನ ಮೇಲೆ ಒಂದು ದೀರ್ಘಲೇಖನವನ್ನೇ ಬರೆದನು. ವರ್ಷಗಟ್ಟಲೆ ಹೊಟ್ಟೆನೋವನ್ನು ನುಂಗಿಕೊಂಡು, ಹುಣ್ಣು ಮಾಗಿ ಕರುಳಿನ ಬಾಯೇ ಮುಚ್ಚಿಕೊಂಡ ಮೇಲೆ ಬರುವವರು ನಮ್ಮಲ್ಲಿ ಬಹಳವೆಂಬುದು ಅಂಥ ವೈದ್ಯರ ಅನುಭವ. ಅವರ ವಿಳಂಬವನ್ನು ಗಂಟೆಗಳಲ್ಲಿ ಎಣಿಸುವುದು ಹೇಗೆ? ಕಪ್ಪು ಮಲವು ಡಾಂಬರಿನಂತೆ ಹೋದರೆ ಒಳಗೆ ರಕ್ತ ಒಸರುತ್ತಿದೆಯೆಂಬುದು ಗೊತ್ತಿಲ್ಲದೆ, ಅದನ್ನು ಉಷ್ಣವೆಂದು ಎಣಿಸಿ ಮಜ್ಜಿಗೆ ಕುಡಿಯುತ್ತ ನಾಲ್ಕು ದಿನ ಕಳೆಯುವವರು ಈಗಲೂ ಇದ್ದಾರೆ. 2008ರ ನವೆಂಬರಿನಲ್ಲಿ 108ರ ಗಾಡಿಗಳು ರಾಜ್ಯದಲ್ಲಿ ಓಡಾಡತೊಡಗಿದ ಮೇಲೆ ಹಾದಿಯ ಕಾಲವು ಕಿರಿದಾಯಿತು. ಮನೆಯೊಳಗಿನ ಕಾಲವನ್ನು ಕಿರಿದುಗೊಳಿಸುವ ಗಾಡಿಯು ಇನ್ನೂ ಬಂದಿಲ್ಲ.

ನನ್ನ ಸೋದರಮಾವನೊಬ್ಬನು ಮೂವತ್ತೈದು ವರ್ಷಗಳಿಗೂ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಎಲೆಯ ಮೇಲೆಯೇ ರಕ್ತ ಕಾರಿದನು. ಬಾಡಿಗೆಯ ಕಾರು ಬಾಗಿಲಿಗೆ ಬಂದಿದ್ದರೂ, ರಾಹುಕಾಲವು ಆರು ಗಂಟೆಗೆ ಕಳೆಯಲೆಂದು ನನ್ನ ಅಜ್ಜಿ ಹೊಸ್ತಿಲಿಗೆ ಅಡ್ಡವಾಗಿ ಕುಳಿತುಬಿಟ್ಟಳು. ಜಿಲ್ಲೆಯ ಊರಿನ ಆಸ್ಪತ್ರೆಗೆ ತಲಪುವ ವೇಳೆಗೆ ದೀಪ ಹಚ್ಚಿದ್ದರು. ಕೊಳವೆಯ ಬೀರುವಿನ ಕೀಲಿಕೈ ಯಾರ ಬಳಿಯಲ್ಲಿತ್ತೋ ಅವರು ಮದುವೆಗೆ ಹೋಗಿದ್ದರು. ಹೌಸ್ ಸರ್ಜನ್ ಆಗಿದ್ದ ಹುಡುಗನೊಬ್ಬನು, ಮೀಸೆ ಇನ್ನೂ ಸರಿಯಾಗಿ ಮೂಡದವನು, ಎರಡು ಕೈಗಳಿಗೂ ಸೂಜಿ ಚುಚ್ಚಿ, ನನ್ನಿಂದ ಒಂದು ಬಾಟಲಿಯನ್ನೂ ನನ್ನ ತಮ್ಮನಿಂದ ಒಂದು ಬಾಟಲಿಯನ್ನೂ ರಕ್ತ ತೆಗೆಸಿ ಹಾಕಿ, ಇಡೀ ರಾತ್ರಿ ಅರ್ಧಗಂಟೆಗೊಮ್ಮೆ ಬಂದು ನಾಡಿ ಹಿಡಿದು ಚೀಟಿಯಲ್ಲಿ ಗುರುತು ಹಾಕುತ್ತಿದ್ದನು. ಸೋಮವಾರ ಹತ್ತು ಗಂಟೆಗೆ ಬೀರು ತೆರೆಯಿತು, ಕೊಳವೆಯೂ ಇಳಿಯಿತು, ಹುಣ್ಣಿನ ಬಾಯಿ ಆಗಲೇ ಕಟ್ಟಿಕೊಂಡಿದ್ದಿತು. ಮಾವನು ಆಮೇಲೆ ಹದಿನೇಳು ವರ್ಷ ಬದುಕಿದ್ದನು. ಆ ಹುಡುಗನ ಹೆಸರನ್ನು ನಾವು ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅಜ್ಜಿಯು ಹೇಳುತ್ತಿದ್ದುದು ರಾಹುಕಾಲ ಕಳೆದು ಹೊರಟದ್ದನ್ನು ಮಾತ್ರ.